ಹಾನ್ ನದಿಯ ದಂಡೆಯಲ್ಲಿ ಅತ್ತೆಯ ಜೊತೆ

ಡಾನಾಂಗ್, ವಿಯೆಟ್ನಾಂ
ಗುರುವಾರ

ಪ್ರೀತಿಯ ರೇವಂತ್,

'ಪ್ರೀತಿಯ' ಎಂದು ಬರೆಯಲೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಬರೆದೇಬಿಟ್ಟೆ. ಫೋನಿನಲ್ಲಾದರೆ ಎರಡು ಮಾತಾಡುವಷ್ಟರಲ್ಲಿ ಜಗಳಕ್ಕೆ ಬೀಳುತ್ತೇವೆ. ಅದಕ್ಕೇ ಹೋಟೆಲಿನ ಕಾಗದದಲ್ಲಿ ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ. ಮನೆ ಬಿಟ್ಟು ಹೋಗಿ ಸೇರಿಕೊಂಡಿರುವ ಕೆಂಗೇರಿಯ ಆ ಫ್ಲಾಟಿನಲ್ಲಿ ಕೂತು ನಿಧಾನವಾಗಿ ಓದು.

ನಮ್ಮಿಬ್ಬರಿಗೆಂದು ಬುಕ್ ಮಾಡಿದ್ದ ಕೋಣೆಯಲ್ಲಿ ನಾನೂ ನಿನ್ನ ಅಮ್ಮನೂ ಸುಖವಾಗಿದ್ದೇವೆ. ನೀನು ಬರುವುದಿಲ್ಲ ಎಂದ ಮೇಲೆ ಒಬ್ಬಳೇ ಹೊರಡುವವಳಿದ್ದೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು, "ನಾನೂ ಬರ್ಲಾ?" ಎಂದರು. ಪಶುಪತಿನಾಥನನ್ನು ನೋಡಲು ಮಾಡಿಸಿಟ್ಟ ಪಾಸ್‌ಪೋರ್ಟ್ ಇತ್ತಲ್ಲ, ಅದು ಹೀಗೆ ಕೆಲಸಕ್ಕೆ ಬಂತು.

ಬಾಲ್ಕನಿಯ ಕೆಳಗೇ ಹಾನ್ ನದಿ. ಅಗಲವಾದ, ಆತುರವಿಲ್ಲದ ನದಿ. ಅತ್ತೆ ಬೆಳಿಗ್ಗೆ ಕಾಫಿ ಹಿಡಿದು ಕೂತರೆ ದೋಣಿಗಳನ್ನು ನೋಡುತ್ತಾ ಏಳುವುದೇ ಇಲ್ಲ. ಇಲ್ಲಿಯ ಕಾಫಿಗೆ ಡಬ್ಬಿಯ ಗಟ್ಟಿ ಸಿಹಿ ಹಾಲು ಹಾಕುತ್ತಾರೆ. ಮೊದಲ ದಿನ ಪಾಯಸ ಎಂದು ಬೈದವರು ಈಗ ಎರಡನೇ ಲೋಟ ಕೇಳುತ್ತಾರೆ.

ಮಂಡಿ ಆಪರೇಷನ್ ಆದ ಮೇಲೆ ಅವರು ಕಾಲು ಮಡಚುವುದಕ್ಕೇ ಹೆದರುತ್ತಿದ್ದರು. ನಾನು ಹೇಳಿಕೊಟ್ಟ ವ್ಯಾಯಾಮ ಒಂದು ದಿನವೂ ಮಾಡಲಿಲ್ಲ. ಇಲ್ಲಿ ಹೋಟೆಲಿನ ಈಜುಕೊಳ ನೋಡಿದ ಕೂಡಲೇ ನನಗೆ ಉಪಾಯ ಹೊಳೆಯಿತು. ಸೀರೆಯಲ್ಲಿ ಇಳಿಯುವಂತಿಲ್ಲ ಎಂದರು. ಮಾರ್ಕೆಟ್ಟಿಗೆ ಹೋಗಿ ಮೈತುಂಬ ಮುಚ್ಚುವ ಈಜುಡುಗೆ ತಂದೆವು. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ಊರವ್ರು ಯಾರೂ ನೋಡಲ್ಲ ತಾನೆ?" ಎಂದು ಕೇಳಿ, ನಕ್ಕು, ನನ್ನ ಕೈ ಹಿಡಿದು ಮೆಟ್ಟಿಲಿಳಿದರು.

ಎದೆಮಟ್ಟದ ನೀರಿನಲ್ಲಿ ಅವರನ್ನು ನಡೆಸಿದೆ. "ಬಿಟ್ಟುಬಿಟ್ಟೀಯಾ ಕಣೇ" ಎಂದು ನನ್ನ ತೋಳಿಗೆ ಉಗುರು ಊರಿದ್ದರು. ಮರುದಿನ ಆ ಕೊನೆಯಿಂದ ಈ ಕೊನೆಗೆ ಒಬ್ಬರೇ ನಡೆದು ಬಂದರು. ದಂಡೆ ಹಿಡಿದು ನಿಂತು ನನ್ನನ್ನೇ ನೋಡಿದರು.

"ದಿನಾ ನೀನು ಮಾಡೋ ಕೆಲ್ಸ ಇದೇಯಾ?"

"ಹೂಂ ಅತ್ತೆ. ಅಲ್ಲಿ ನೀರಿರಲ್ಲ, ಅಷ್ಟೇ."

"ನಾನು ಏನೋ ಕೈಕಾಲು ಒತ್ತೋ ಕೆಲ್ಸ ಅಂದ್ಕಂಡಿದ್ದೆ." ಮುಖದ ನೀರು ಒರೆಸಿಕೊಂಡು ಕೇಳಿದರು: "ಮತ್ತೆ ನಮ್ಮ ಕೆಳಗಡೆ ಜಾಗ ಯಾಕೆ ಬೇಡ ಅಂದೆ? ಆಸ್ಪತ್ರೆ ಗೀಸ್ಪತ್ರೆ ಎಲ್ಲಾ ಕೈಬಿಟ್ಟೌಳೆ ಅಂದ್ನಲ್ಲ ಅವ್ನು."

ರೇವಂತ್, ನೀನು ಅವರಿಗೆ ಹಾಗೆ ಹೇಳಿದ್ದೆ ಎನ್ನುವುದು ನನಗೆ ಆ ನೀರಿನಲ್ಲಿ ನಿಂತಾಗ ಗೊತ್ತಾಯಿತು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಲ್ಲತ್ತಹಳ್ಳಿಯ ಮನೆ ಕಟ್ಟುವಾಗಲೇ ಕೆಳಗಿನ ಜಾಗ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಎಂದು ನೀನೇ ಮಾತು ಕೊಟ್ಟಿದ್ದು. ಒಂದು ಸಂಜೆ ಕೆಲಸದಿಂದ ಬಂದರೆ ಅಲ್ಲಿ ಶಶಿಕುಮಾರನ ಬೈಕ್ ಶೋರೂಮಿನ ಬೋರ್ಡ್ ಏರಿಸುತ್ತಿದ್ದರು. ಕೇಳಿದ್ದಕ್ಕೆ, "ಫ್ರೆಂಡ್ ಕಣೇ, ಇಲ್ಲ ಅನ್ನಕ್ಕಾಗ್ಲಿಲ್ಲ" ಎಂದೆ. ನನಗೆ ಇಲ್ಲ ಅನ್ನಲು ಮಾತ್ರ ನಿನಗೆ ಆಯಿತು. ನಾನು ಕೂಗಾಡಿದೆ, ನೀನು ಬ್ಯಾಗು ತುಂಬಿಕೊಂಡು ಹೊರಟೆ.

ಅತ್ತೆ ಹಿಡಿದಿದ್ದ ದಂಡೆ ಬಿಟ್ಟರು. ಇನ್ನೊಂದು ಸುತ್ತು ನಡೆದರು.

ನಾನೀಗ ಸಿಟ್ಟಿನಲ್ಲಿಲ್ಲ. ನದಿಯ ಪಕ್ಕ ಚೆನ್ನಾಗಿ ನಿದ್ದೆ ಮಾಡಿ, ಹೊತ್ತೊತ್ತಿಗೆ ಉಂಡು, ಯೋಚಿಸಿ ಬರೆಯುತ್ತಿದ್ದೇನೆ. ನಾಗರಬಾವಿಯಲ್ಲಿ ಲಾ ಕಾಲೇಜಿನ ಹತ್ತಿರ ಒಂದು ಜಾಗ ನೋಡಿದ್ದೇನೆ. ದಸರಾ ಕಳೆದ ಮೇಲೆ ಕ್ಲಿನಿಕ್ ಶುರುಮಾಡುತ್ತೇನೆ. ನಿನ್ನ ಒಪ್ಪಿಗೆ ಕೇಳುತ್ತಿಲ್ಲ, ಸುದ್ದಿ ಹೇಳುತ್ತಿದ್ದೇನೆ. ಮನೆಗೆ ಬರುವುದು ಬಿಡುವುದು ನಿನ್ನಿಷ್ಟ. ಬಂದರೆ ಬಾಗಿಲು ತೆಗೆಯುತ್ತೇನೆ. ಆದರೆ ನನ್ನ ಬದುಕಿನ ತೀರ್ಮಾನಗಳನ್ನು ಇನ್ನು ನಾನು ಗೋಡೆಯ ಮೇಲಿನ ಬೋರ್ಡಿನಲ್ಲಿ ಓದಿ ತಿಳಿದುಕೊಳ್ಳುವವಳಲ್ಲ.

ಸಂಜೆ ನದಿಯುದ್ದಕ್ಕೂ ದೀಪ ಹತ್ತಿಸುತ್ತಾರೆ. ನಾವಿಬ್ಬರೂ ಕಲ್ಲುಬೆಂಚಿನ ಮೇಲೆ ಕೂತು ಸುಟ್ಟ ಜೋಳ ತಿನ್ನುತ್ತೇವೆ. ನಿನ್ನ ನೆನಪು ನನಗೆ ಅಷ್ಟಾಗಿ ಬರುತ್ತಿಲ್ಲ. ಭಾನುವಾರ ಮಧ್ಯಾಹ್ನ ಬೆಂಗಳೂರಿಗೆ ಬಂದಿಳಿಯುತ್ತೇವೆ.

ಇಂತಿ,
ಕವನಾ

ತಾ.ಕ.: ಅತ್ತೆ ಪಕ್ಕದಲ್ಲಿ ಕೂತು, ತಾವು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯಬೇಕು ಎಂದಿದ್ದಾರೆ. ಬರೆಯುತ್ತಿದ್ದೇನೆ.

"ಮಗಾ, ಆ ಕಟ್ಟಡ ನನ್ ಹೆಸ್ರಲ್ಲೈತೆ. ಶಶಿಕುಮಾರಂಗೆ ಇಲ್ಲಿಂದ್ಲೇ ಫೋನ್ ಮಾಡ್ದೆ. ಜಾಗ ಇವಳಿಗೆ ಅಂತ ಮಾತು ಕೊಟ್ಟಿದ್ದನ್ನ ನೀನು ಅವಂಗೂ ಹೇಳಿಲ್ಲ. ಪಾಪ, ಬೋರ್ಡ್ ಇಳಿಸ್ತೀನಮ್ಮ ಅಂದ. ನಾಗರಬಾವಿಗೆ ಯಾಕ್ ಹೋಗ್ಬೇಕು, ಕೆಳಗಡೆ ಜಾಗ ಇವಳದ್ದೇ. ಇವಳಿಗೂ ಈಗ್ಲೇ ಹೇಳ್ತಿರೋದು, ಪೆನ್ನು ಹಿಡ್ಕಂಡು ಹಂಗೇ ಕುಂತೌಳೆ. ಒಬ್ಳೇ ಬಂದಿದ್ರೆ ಮನಸ್ಸು ಗಟ್ಟಿ ಮಾಡ್ಕಂಡು ಇವಳು ಮತ್ತೆ ನಮ್ಮನೆಗೇ ಬರ್ತಿರ್ಲಿಲ್ಲ. ಅದಕ್ಕೇ ನಾನು ಬೆನ್ನಿಗ್ ಬಿದ್ದು ಬಂದಿದ್ದು. ಇನ್ನೊಂದು. ನೆನಪು ಬರಲ್ಲ ಅಂತ ಬರ್ದೌಳಂತೆ. ನಿನ್ನೆ ಅಂಗಡೀಲಿ ನಿನ್ ಅಳ್ತೆಗೆ ನೀಲಿ ಅಂಗಿ ಆರ್ಸಿ, ನಂಗೆ ಕಾಣ್ದಂಗೆ ನನ್ ಬ್ಯಾಗಿನ ತಳದಲ್ಲೇ ಮಡಗೌಳೆ. ಏರ್‌ಪೋರ್ಟಿಗೆ ಬಂದು ಇಸ್ಕೊ."