ಮಾವನವರ ಎಡಗೈ

ನೀಲಾ,

ನೀನು ಹೊಳೆಯಿಂದ ಬರುವವರೆಗೆ ಕಾದರೆ ಬಸ್ಸು ತಪ್ಪುತ್ತದೆ. ನಿನ್ನ ಮಾವನವರ ಔಷಧಿಗೆ ಮಡಿಕೇರಿಗೆ ಹೊರಟೆ. ನಾಳೆ ಮಧ್ಯಾಹ್ನ ಬರುತ್ತೇನೆ.

ಲಕ್ವ ಸಣ್ಣದು, ತಾನಾಗಿ ಸರಿಹೋಗುತ್ತದೆ ಎಂದಿದ್ದ ಡಾಕ್ಟರಿಗೆ ಎರಡು ಮಾತು ಹೇಳಿಯೇ ಬರುವುದು.

ತಟ್ಟೆಯ ಎಡಭಾಗದ ಅನ್ನ ಅವರಿಗೆ ಕಾಣುವುದಿಲ್ಲ. ಅರ್ಧ ಉಂಡಮೇಲೆ ತಟ್ಟೆ ತಿರುಗಿಸು. ಕೊಡಗು ಮೈಸೂರಿಗೆ ಸೇರುವ ಸುದ್ದಿ ತೆಗೆದರೆ ಮೊದಲಿನ ಹಾಗೇ ಜಗಳವಾಡುತ್ತಾರೆ. ಅದನ್ನು ನಂಬಿ ಒಬ್ಬರನ್ನೇ ಬಿಟ್ಟು ಹೋಗಬೇಡ.

ಬೆಳಗಿನ ಲಿಂಗಪೂಜೆಗೆ ಅವರ ಎಡಗಡೆ ಕೂತು, ಎಡ ಅಂಗೈಯ ಕೆಳಗೆ ನಿನ್ನ ಕೈ ಕೊಡು. ಇಲ್ಲದಿದ್ದರೆ ಲಿಂಗ ಜಾರುತ್ತದೆ. ಆ ಕೈ ತನ್ನದಲ್ಲ, ತೀರಿಹೋದ ಅಣ್ಣ ಗುರುಬಸಪ್ಪನದು ಎನ್ನುತ್ತಾರೆ. ವಾದಿಸಬೇಡ. "ಅಣ್ಣಾ, ಬಂದ್ಯಾ?" ಎಂದಾಗ ನಾನು ದಿನಾ "ಹೂಂ" ಅನ್ನುತ್ತೇನೆ. ಆಮೇಲೇ ಅವರು ಲಿಂಗಕ್ಕೆ ನೀರೆರೆಯುವುದು.

ಇವತ್ತು ಸಿಟ್ಟಿಗೆ ನಾನು ಬಾಯಿ ಬಿಡಲಿಲ್ಲ. ಎಂದೂ ತಿರುಗದ ಎಡಕ್ಕೆ ತಿರುಗಿ, ನನ್ನನ್ನು ದಾಟಿ ನೋಡಿ, ನಕ್ಕರು. "ಇಷ್ಟ್ ದಿನ ನೀನು ಇವಳ ಕೈಲಿ ಹೇಳಿಸ್ತಿದ್ದೆ. ಇವತ್ತು ನೀನೇ ಮಾತಾಡಿದ್ಯಲ್ಲಣ್ಣ."

ನೀರೆರೆದರು. ಆ ಎಡಗೈ ಅಲುಗಲಿಲ್ಲ.

ನಾಳೆ ಅವರು ಕೇಳಿದ ಕೂಡಲೇ ನೀನು "ಹೂಂ" ಅನ್ನು. ತಡಮಾಡಬೇಡ.

ಅತ್ತೆ