ಹಳ್ಳ ಅಜ್ಜೀದು

ಫ್ಲೂಗರ್‌ವಿಲ್, ಆಸ್ಟಿನ್
ಭಾನುವಾರ, ಮಾರ್ಚ್ 11, 2018

ಪ್ರೀತಿಯ ಅತ್ತೆ,

ನಿಮ್ಮ ಸೊಸೆ ಕುಮುದಾಳ ನಮಸ್ಕಾರಗಳು. ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣಿಗೆ ಹನಿ ಹಾಕುವುದನ್ನು ನಿಲ್ಲಿಸಿಲ್ಲ ತಾನೆ? ನೀವು ಆಗಲೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಶುರು ಮಾಡಿದ್ದೀರಿ ಎಂದು ನೇಹಾ ದೂರಿದಳು. ಇನ್ನೊಂದು ತಿಂಗಳು ನಿಮ್ಮ ಮಗಳೇ ಬಡಿಯಲಿ ಬಿಡಿ, ದಪ್ಪಗಿದ್ದರೂ ತಿಂದುಬಿಡಿ. ಇದನ್ನು ನೀವೇ ಓದಿಕೊಳ್ಳಲಿ ಎಂದು ಅಕ್ಷರಗಳನ್ನು ಇಷ್ಟು ದೊಡ್ಡದಾಗಿ ಬರೆಯುತ್ತಿದ್ದೇನೆ. ನೇಹಾಳ ಕೈಯಲ್ಲಿ ಓದಿಸಬೇಡಿ. ಫೋನಿನಲ್ಲಿ ಹೇಳಲು ಮೂರು ಸಲ ಬಾಯಿ ತೆರೆದೆ, ಆಗಲಿಲ್ಲ. ಅದಕ್ಕೇ ಈ ಕಾಗದ.

ಅಕ್ಟೋಬರ್‌ನಿಂದ ಜನವರಿವರೆಗೆ ನೀವು ಪ್ರತಿ ಶನಿವಾರ ಫೋನ್ ಮಾಡಿ ಮೊಮ್ಮಗಳನ್ನು ಕೇಳಿದಾಗಲೂ ಸಿಯಾ ಮಲಗಿದ್ದಾಳೆ ಎಂದೆ. ಅವಳು ಮಲಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ಬಣ್ಣ ಹಚ್ಚುತ್ತಾ ಕೂತಿರುತ್ತಿದ್ದಳು, ಇಲ್ಲವೆ ನನ್ನ ಎದುರಿಗೇ ದೋಸೆ ತಿನ್ನುತ್ತಿದ್ದಳು. ನಮ್ಮ ಬೆಳಗಿನ ಒಂಬತ್ತು ಗಂಟೆಗೆ ಐದು ವರ್ಷದ ಮಗು ವಾರ ವಾರವೂ ಹೇಗೆ ಮಲಗಿರುತ್ತದೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. “ಇರ್ಲಿ ಬಿಡವಾ, ಎಬ್ಬಸಬ್ಯಾಡ” ಎಂದು ಫೋನ್ ಇಡುತ್ತಿದ್ದಿರಿ. ಜನವರಿಯ ಕೊನೆಗೆ ಅವಳ ಹೆಸರು ಎತ್ತುವುದನ್ನೇ ಬಿಟ್ಟಿರಿ. ಆ ದಿನ ನನಗೆ ಅಡುಗೆ ಮಾಡಲು ಆಗಲಿಲ್ಲ.

ಹೀಗೆ ಯಾಕೆ ಮಾಡಿದೆವು ಎಂದರೆ, ಸೆಪ್ಟೆಂಬರ್‌ನಲ್ಲಿ ಸ್ಕೂಲಿನಲ್ಲಿ ಮಕ್ಕಳ ಮಾತು ಪರೀಕ್ಷಿಸಿದರು. ಚಿತ್ರ ತೋರಿಸುವುದು, ಮಗು ಹೆಸರು ಹೇಳುವುದು. ಒಂದು ಚಿತ್ರದಲ್ಲಿ ಕಲ್ಲುಗಳ ನಡುವೆ ಹರಿಯುವ ಸಣ್ಣ ನೀರು. ಸಿಯಾ ಮೊದಲು “ಹಳ್ಳ” ಎಂದಳಂತೆ. ಅವರಿಗೆ ಅರ್ಥವಾಗಲಿಲ್ಲ. ಆಮೇಲೆ “ಬಾಯೋ” ಎಂದಳು, ಅದು ತಪ್ಪು. ಕೊನೆಗೆ “ಕ್ರಿಕ್” ಎಂದಳು, ಅದು ಉಚ್ಚಾರಣೆಯ ದೋಷ. ನೀವೇ ನೋಡಿ, ಈ ಮಗು ಹುಟ್ಟಿದ್ದು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ. ಅಲ್ಲಿ ಇಂಥ ನೀರಿಗೆಲ್ಲ ಬಾಯೋ ಎನ್ನುತ್ತಾರೆ, ಅದನ್ನೂ ಕೆಲವರು ಬಾಯೂ ಎನ್ನುತ್ತಾರೆ. ಡಲ್ಲಾಸ್‌ಗೆ ಶಿಫ್ಟ್ ಆದೆವು, ಅಲ್ಲಿ ಇದಕ್ಕೇ ಬ್ರ್ಯಾಂಚ್ ಎಂಬ ಮಾತು ಕಿವಿಗೆ ಬಿತ್ತು. ಬ್ರ್ಯಾಂಚ್ ದಾಟಿ ಎಡಕ್ಕೆ ತಿರುಗಿ ಎಂದು ಒಬ್ಬರು ದಾರಿ ಹೇಳಿದರೆ ನಾನು ಬ್ಯಾಂಕಿನ ಬ್ರ್ಯಾಂಚ್ ಹುಡುಕುತ್ತಾ ಎರಡು ಮೈಲಿ ಮುಂದೆ ಹೋಗಿದ್ದೆ. ಕಳೆದ ಜೂನ್‌ನಲ್ಲಿ ಇಲ್ಲಿಗೆ ಬಂದೆವು, ಇಲ್ಲಿ ಕ್ರೀಕ್. ನಾನು ಆಫೀಸಿನಿಂದ ಬರುವವರೆಗೆ ಸಿಯಾಳನ್ನು ನೋಡಿಕೊಳ್ಳುವ ಪಕ್ಕದ ಮನೆಯ ಡೋರಥಿ ಪೆನ್ಸಿಲ್ವೇನಿಯಾದ ಮುದುಕಿ, ಅವರ ಬಾಯಲ್ಲಿ ಅದು ಕ್ರಿಕ್. ಮಂಡ್ಯದ ನನಗೆ ಹರಿಯುವ ನೀರೆಲ್ಲ ನಾಲೆ. ಇಷ್ಟನ್ನೂ ಆ ಪರೀಕ್ಷೆಯವರಿಗೆ ಯಾರು ಹೇಳಬೇಕು? ಮಗು ಭಾಷೆಗಳನ್ನು ಕಲಸಿಕೊಳ್ಳುತ್ತಿದೆ, ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿ ಎಂದು ಬರೆದು ಕಳಿಸಿದರು.

ಶ್ರೀಶೈಲ್ ಆ ಹಾಳೆಯನ್ನು ಎರಡು ಸಲ ಓದಿದರು. “ಸ್ವಲ್ಪ ದಿನ ಕನ್ನಡ ಬಂದ್ ಮಾಡೋಣು. ಕೂಸು ಸಾಲ್ಯಾಗ ಹಿಂದ ಬೀಳಬಾರದು” ಎಂದರು. ನಿಮ್ಮ ಮಗನ ಮೇಲೆ ಕೋಪ ಮಾಡಿಕೊಳ್ಳಬೇಡಿ ಅತ್ತೆ, ಅವರಿಗಿಂತ ಮೊದಲು ಹೆದರಿದವಳು ನಾನು. ನಿಮ್ಮ ಜೊತೆ ಮಾತಾಡಿದರೆ ಅವಳು ವಾರವಿಡೀ ನಿಮ್ಮ ಹಾಗೇ ಮಾತಾಡುತ್ತಾಳೆ ಎಂದು ಫೋನ್ ತಪ್ಪಿಸುವ ಯೋಚನೆ ಮಾಡಿದವಳೂ ನಾನೇ.

ಮದುವೆಯಾದ ವರ್ಷ ನವಲಗುಂದದಲ್ಲಿ ನೀವು “ಹಳ್ಳಕ್ಕ ನೀರ ಬಂದಾವ, ಇವತ್ತ ಬಸ್ ಬರಂಗಿಲ್ಲ” ಎಂದಾಗ ನಾನು ನಕ್ಕಿದ್ದೆ, ನೆನಪಿದೆಯಾ? ನಮ್ಮ ಕಡೆ ಹಳ್ಳ ಎಂದರೆ ರಸ್ತೆಯ ಗುಂಡಿ. ಗುಂಡಿಯಲ್ಲಿ ನೀರು ನಿಂತರೆ ಬಸ್ಸಿಗೇನು ಎಂದೆ. ಹೊಸ ಸೊಸೆ ಎದುರು ಮಾತಾಡಿದಳು ಎಂದು ನೀವು ಮುನಿಸಿಕೊಳ್ಳಲಿಲ್ಲ. ಮರುದಿನ ಕರೆದುಕೊಂಡು ಹೋಗಿ, ಸೇತುವೆಯ ಮೇಲೆ ಹರಿಯುತ್ತಿದ್ದ ಬೆಣ್ಣೆಹಳ್ಳವನ್ನು ತೋರಿಸಿದಿರಿ. ನನ್ನ ಮಗಳಿಗೆ ನಾನು ಅಷ್ಟೂ ಮಾಡಲಿಲ್ಲ.

ಕನ್ನಡ ನಿಂತಿತು. ಇಂಗ್ಲಿಷ್ ಸರಿಹೋಗುತ್ತದೆ ಎಂದುಕೊಂಡಿದ್ದೆವು. ಆದರೆ ದೀಪಾವಳಿಯ ಹೊತ್ತಿಗೆ ಸಿಯಾ ಮಾತೇ ಕಡಿಮೆ ಮಾಡಿದಳು. ನೀರು ಬೇಕಾದರೆ ಲೋಟ ತಂದು ಮುಂದೆ ಹಿಡಿಯುತ್ತಿದ್ದಳು. ತರಗತಿಯಲ್ಲಿ ಕೈ ಎತ್ತುವುದಿಲ್ಲ, ಕೇಳಿದರೆ ತಲೆಯಾಡಿಸುತ್ತಾಳೆ ಎಂದು ಟೀಚರ್ ಹೇಳಿದರು. ಮನೆಯಲ್ಲಿ ಒಂದು ಚಿಕ್ಕ ಮಗು ಇದೆ ಎನ್ನುವುದೇ ಗೊತ್ತಾಗದಷ್ಟು ಸದ್ದಿಲ್ಲದೆ ಕ್ರಿಸ್‌ಮಸ್ ರಜೆ ಕಳೆಯಿತು. ಮತ್ತೆ ನಾವೇ ವಿಚಾರಿಸಿ, ಮಕ್ಕಳ ಮಾತಿನ ತಜ್ಞೆಯೊಬ್ಬರಲ್ಲಿ ಫೆಬ್ರವರಿಯಲ್ಲಿ ದಿನ ಗೊತ್ತು ಮಾಡಿಕೊಂಡೆವು.

ಆಕೆ ಅರವತ್ತು ದಾಟಿದ ಹೆಂಗಸು. ಮಕ್ಕಳ ಪುಟ್ಟ ಕುರ್ಚಿಗಳಲ್ಲೇ ನಮ್ಮನ್ನೂ ಕೂರಿಸಿದರು. ಚಿತ್ರಗಳನ್ನು ಹಾಕುತ್ತಾ ಹೋದರು, ಸಿಯಾ ಬಾಯಿ ಬಿಡಲಿಲ್ಲ. ನೀರಿನ ಚಿತ್ರವೂ ಬಂತು. ಆಕೆ ಅದನ್ನು ಸಿಯಾಳ ಮುಂದಿನಿಂದ ಎತ್ತಿ ಶ್ರೀಶೈಲ್ ಮುಂದೆ ಇಟ್ಟು, ಇದೇನು ಎಂದರು. ಇವರು ಕ್ರೀಕ್ ಎಂದರು. ಅದಲ್ಲ, ನಿಮ್ಮ ತಾಯಿ ಇದಕ್ಕೆ ಏನೆನ್ನುತ್ತಾರೆ ಎಂದು ಕೇಳಿದರು. ಶ್ರೀಶೈಲ್ ನನ್ನ ಮುಖ ನೋಡಿದರು, ಆಮೇಲೆ ನೆಲ ನೋಡುತ್ತಾ ಮೆಲ್ಲಗೆ ಹಳ್ಳ ಎಂದರು. ಐದು ತಿಂಗಳಲ್ಲಿ ಮಗಳ ಎದುರು ಅವರು ಆಡಿದ ಮೊದಲ ಕನ್ನಡದ ಮಾತು ಅದು.

ಸಿಯಾ ಥಟ್ಟನೆ ತಲೆ ಎತ್ತಿದಳು. ಅಪ್ಪನಿಗೆ ಏನಾದರೂ ಆಗುತ್ತದೆಯೋ ಎಂದು ಆಕೆಯ ಮುಖವನ್ನೇ ನೋಡಿದಳು. ಏನೂ ಆಗಲಿಲ್ಲ. ಆಕೆ ಆ ಮಾತನ್ನು ಹಾಗೇ ತನ್ನ ಪುಸ್ತಕದಲ್ಲಿ ಬರೆದುಕೊಂಡರು. ಆಗ ನಮ್ಮ ಹುಡುಗಿ ಬೆರಳು ಮಡಚುತ್ತಾ ಹೇಳಿದಳು.

“ಹಳ್ಳ ಅಜ್ಜೀದು. ನಾಲೆ ಅಮ್ಮಂದು. ಕ್ರಿಕ್ ಡೋರಥೀದು. ಕ್ರೀಕ್ ಟೀಚರ್‌ದು.”

ಇವರು ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದರು. ಹಾಗಾದರೆ ನೀನು ಏನನ್ನುತ್ತೀಯ ಎಂದು ಆಕೆ ಕೇಳಿದರು. ಸಿಯಾ ಸ್ವಲ್ಪ ಯೋಚಿಸಿ ತಿರುಗಿ ಕೇಳಿದ್ದು ಇಷ್ಟೇ, ಇಂಗ್ಲಿಷಿನಲ್ಲಿ: “ಯಾರ ಹತ್ರ ಮಾತಾಡುವಾಗ?”

ಆಕೆ ಪೆನ್ನು ಕೆಳಗಿಟ್ಟರು. ಮಗು ಏನನ್ನೂ ಕಲಸಿಕೊಂಡಿಲ್ಲ, ಯಾವ ಮಾತು ಯಾರದು ಎಂದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ, ತಪ್ಪಾದೀತೆಂಬ ಹೆದರಿಕೆಗೆ ಸುಮ್ಮನಾಗಿದ್ದಾಳೆ, ಮನೆಯ ಭಾಷೆ ಮತ್ತೆ ಆಡಿ ಎಂದರು. ಅದನ್ನೇ ಸ್ಕೂಲಿಗೂ ಬರೆದುಕೊಟ್ಟಿದ್ದಾರೆ. ಕಾರಿಗೆ ಬಂದು ಶ್ರೀಶೈಲ್ ಮೊದಲು ಸಿಯಾಳ ಬೆಲ್ಟ್ ಬಿಗಿದು, ತಮ್ಮ ಸೀಟಿನಲ್ಲಿ ಕೂತರು. ಆಮೇಲೆ ಹಿಂದೆ ತಿರುಗಿ, “ಹಸಿವಾಗೇತೇನ ಕೂಸ?” ಎಂದರು. ಹೂಂ ಎಂದಳು.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಮೊದಲ ವಾರ ಪ್ರತಿ ಕನ್ನಡ ಮಾತಿಗೂ ನನ್ನ ಮುಖ ನೋಡುತ್ತಿದ್ದಳು. ಈಗ ನೋಡುವುದಿಲ್ಲ. ಮೊನ್ನೆ ಟೀಚರ್ ಹತ್ತಿರ ತಾನಾಗಿಯೇ ಹೋಗಿ ಶೂಲೇಸ್ ಕಟ್ಟಿಕೊಡಿ ಎಂದಳಂತೆ. ನಿನ್ನೆ ಡೋರಥಿಗೆ ಹಳ್ಳ ಎಂದು ಹೇಳಿಕೊಟ್ಟಳು, ಪಾಪ ಅವರಿಗೆ ಆ ‘ಳ’ ತಿರುಗುವುದೇ ಇಲ್ಲ, ಇಬ್ಬರೂ ಬಿದ್ದು ಬಿದ್ದು ನಕ್ಕರು. ಈ ಕಾಗದ ಸಿಕ್ಕಿದ ಮೇಲಿನ ಶನಿವಾರ ಫೋನ್ ಅವಳ ಕೈಯಲ್ಲೇ ಇರುತ್ತದೆ. ನಿಮ್ಮ ಮಾತನ್ನು ನನಗೋಸ್ಕರ ಮೈಸೂರು ಕಡೆಗೆ ತಿರುಗಿಸಿ ಆಡಬೇಡಿ. ನೀವು ಆಡುವ ಹಾಗೇ ಆಡಿ.

ನನ್ನನ್ನು ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ನೇಹಾಳಿಗೆ ನನ್ನ ನೆನಪು ಹೇಳಿ. ನಿಮ್ಮ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ.

ನಿಮ್ಮ
ಕುಮುದಾ

ತಾ.ಕ.: ಕವರ್ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಸಾಲದು. ಮೂವರು ಎಂದು ಬರೆದೆನಲ್ಲ, ಆಗಸ್ಟ್‌ಗೆ ನಾವು ನಾಲ್ವರಾಗುತ್ತೇವೆ. ಬಾಣಂತನಕ್ಕೆ ಬರಲು ನಮ್ಮ ಅಮ್ಮ ತಯಾರಾಗಿದ್ದರು. ದೀಪಾವಳಿ ಕಳೆದು ಬಾ ಎಂದು ಅವರಿಗೆ ಹೇಳಿದ್ದೇನೆ. ಮೊದಲ ಮೂರು ತಿಂಗಳು ನೀವು ಬನ್ನಿ. ಹುಟ್ಟಿದ ಮಗುವಿನ ಕಿವಿಗೆ ಮೊದಲು ನಿಮ್ಮ ಮಾತು ಬೀಳಲಿ.