ಒಂಟೆ ಕೂರಿಸಿ ಅಳತೆ ತೆಗೆದ ಮಡ್‌ಗಾರ್ಡ್

ಬಿದಿಯಾ ಮರಳು,
ಶಾಬಾನ್ ತಿಂಗಳು, ಗುರುವಾರ

ಮೈಥಾಳ ಅಮ್ಮನಿಗೆ ಮೈಥಾಳ ಅಪ್ಪನ ಸಲಾಂ.

ನುವೈರಾ, ಹತ್ತನೇ ಕ್ಲಾಸಿನ ಪರೀಕ್ಷೆ ಆದಮೇಲೆ ನಾನು ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ಫೋನು ಮಾಡಿದರೆ ನೀನು ಹೂಂ ಅನ್ನುತ್ತೀಯ, ಮಗು ಅಳುತ್ತದೆ, ಇಟ್ಟುಬಿಡುತ್ತೀಯ. ಕಾಗದ ಹಾಗಲ್ಲ, ಸಿಟ್ಟು ಬಂದು ಮಡಚಿಟ್ಟರೂ ಆಮೇಲೆ ತೆಗೆದು ಓದಬಹುದು. ಒಣಮೀನಿನ ಗಾಡಿ ಓಡಿಸುವ ಸುವೈಲಿಮ್ ಕೈಯಲ್ಲಿ ಕಳಿಸುತ್ತಿದ್ದೇನೆ. ಇಲ್ಲಿನ ಒಂಟೆಗಳ ಮೇವಿಗೆ ಮೀನು ಇಳಿಸಿ ನಾಳೆ ಬೆಳಿಗ್ಗೆ ನಿಮ್ಮ ಕಡಲ ಕಡೆಗೆ ಹೊರಡುತ್ತಾನೆ. ಕಾಗದ ನಾರಿದರೆ ಅವನನ್ನು ಬೈ.

ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ಪಿಕಪ್ ಗಾಡಿಯ ನಾಲ್ಕೂ ಮಡ್‌ಗಾರ್ಡ್ ಕತ್ತರಿಸಿದ್ದೇನೆ. ಮನೆಯಲ್ಲೇ, ನನ್ನ ಕೈಯಾರೆ.

ಈಗ ನಿನ್ನ ಮುಖ ಹೇಗಾಗಿರುತ್ತದೆ ಅಂತ ಗೊತ್ತು. ತಾಳು, ಪೂರ್ತಿ ಓದು.

ಹೆರಿಗೆಗೆ ನಿನ್ನನ್ನು ತವರಿಗೆ ಬಿಡಲು ಹೊರಟಾಗ ಆದದ್ದನ್ನು ನೀನೂ ಮರೆತಿಲ್ಲ, ನಾನೂ ಮರೆತಿಲ್ಲ. ಹೊಸ ದಪ್ಪ ಟೈರು ಹಾಕಿಸಿದ ಖುಷಿಯಲ್ಲಿದ್ದೆ. ಮರಳು ದಾರಿಯ ಗುಂಡಿಗೆ ಇಳಿದದ್ದೇ ಗಾಡಿ ಕುಸಿದು, ಮಡ್‌ಗಾರ್ಡಿನ ಅಂಚು ಟೈರಿನ ಪಕ್ಕೆಯನ್ನು ಸೀಳಿತು. ಸ್ಟೆಪ್ನಿ ಹಾಕಿ ಹತ್ತಿಸಲು ಹೋದರೆ ಅದನ್ನೂ ಸೀಳಿತು. ನಾನು ದಿಬ್ಬ ಹತ್ತಿ ಸಿಗ್ನಲ್ ಹುಡುಕಿ ಮಾವನಿಗೆ ಫೋನು ಮಾಡಿ ಬಂದೆ. ಆ ಬಿಸಿಲಲ್ಲಿ, ಅಷ್ಟು ದೊಡ್ಡ ಹೊಟ್ಟೆ ಹೊತ್ತು ನೀನು ಗಾಡಿಯ ನೆರಳಿಗೆ ಒರಗಿ ಕುಳಿತಿದ್ದೆ. ಮಾವ ಬಂದು ಕರೆದೊಯ್ದರು. ನಿಮ್ಮ ಅಂಗಳ ಮುಟ್ಟಿದ ಮೇಲೆ ನೀನು ಅಂದದ್ದು ಇಷ್ಟು. "ಮನೇನ ಟಾರು ರಸ್ತೆ ಪಕ್ಕಕ್ಕೆ ತಂದಿಡು ಮತಾರ್. ಇಲ್ಲಾಂದ್ರೆ ನಾನೂ ಬರಲ್ಲ, ಮಗೂನೂ ಬರಲ್ಲ."

ಬಾಣಂತನದ ನಲವತ್ತು ದಿನ ಮುಗಿಯಿತು. ರಂಜಾನ್ ಬಾಗಿಲಿಗೆ ಬಂದಿದೆ. ನಾನು ಮೈಥಾಳನ್ನು ನೋಡಿದ್ದು ಕುರಿ ಕೊಯ್ದು ಹೆಸರಿಟ್ಟ ದಿನ ಮಾತ್ರ, ಅದೂ ಚಿಕ್ಕಪ್ಪನ ಕಾರಿನಲ್ಲಿ ಟಾರು ಸುತ್ತಿ ಬಂದು. ಟಾರಿನಲ್ಲೇ ಬಂದು ಕರೆದುಕೊಂಡು ಹೋಗು ಅಂತ ಮಾವ ಹೇಳಿದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಟಾರು ಮುಗಿದ ಮೇಲೂ ನಮ್ಮ ಮನೆಯ ತನಕ ಮರಳು ಇದ್ದೇ ಇದೆಯಲ್ಲ. ಅಮ್ಮ, ಆಡು, ಒಂಟೆ ಎಲ್ಲ ಇರುವುದು ಇಲ್ಲಿ. ನೋಡಿದರೆ ತಪ್ಪು ಮನೆಯದಲ್ಲ, ಗಾಡಿಯದು. ಹಾಗಾಗಿ ಗಾಡಿಯನ್ನೇ ಸರಿಮಾಡಿದೆ.

ಪೇಟೆಯ ಗ್ಯಾರೇಜಿನವರು ತಾವೇ ಕತ್ತರಿಸಿಕೊಡುತ್ತೇವೆ ಅಂದರು. ಅವರು ಖಾಲಿ ಗಾಡಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ ಗೆರೆ ಎಳೆಯುವವರು. ನಮ್ಮ ಗಾಡಿ ಖಾಲಿ ಓಡುವುದು ಯಾವಾಗ ಹೇಳು? ಭಾರ ಹೊತ್ತು ಕುಸಿದಾಗ ಟೈರು ಎಲ್ಲಿ ತಾಗುತ್ತದೆ ಅಂತ ತಿಳಿಯಬೇಕು. ಅದಕ್ಕೆ ಗಾಡಿಯ ಹಿಂಭಾಗವನ್ನು ದಿಣ್ಣೆಗೆ ತಾಗಿಸಿ ನಿಲ್ಲಿಸಿ, ನಮ್ಮ ಒಂಟೆ ಸಮ್ಹಾಳನ್ನು ಹಿಂದೆ ಹತ್ತಿಸಿ, ಮೊಣಕಾಲು ಕಟ್ಟಿ ಕೂರಿಸಿದೆ. ಒಂದೊಂದೇ ಚಕ್ರವನ್ನು ಖರ್ಜೂರದ ಮರದ ತುಂಡಿನ ಮೇಲೆ ಹತ್ತಿಸುವುದು, ಸ್ಟೇರಿಂಗ್ ಆ ಕಡೆ ಈ ಕಡೆ ಪೂರ್ತಿ ತಿರುಗಿಸುವುದು, ತಾಗಿದಲ್ಲಿ ಸೀಮೆಸುಣ್ಣದ ಗುರುತು. ತಾಗಿದ ಜಾಗಕ್ಕಿಂತ ಎರಡು ಬೆರಳು ಮೇಲೆ ಗೆರೆ. ಸೀಮೆಸುಣ್ಣ ಅಮ್ಮನ ಕೈಯಲ್ಲಿತ್ತು. ಸಮ್ಹಾ ಮೇಲಿಂದ ಅಮ್ಮನ ತಲೆಗೆ ಜೊಲ್ಲು ಸುರಿಸುತ್ತಿದ್ದಳು, ಅಮ್ಮ ಕೆಳಗಿಂದ ನನ್ನನ್ನು ಬೈಯುತ್ತಿದ್ದಳು. ಹಬ್ಬಕ್ಕೆ ತಲೆಗೂದಲು ಕತ್ತರಿಸಿಕೋ ಅಂದರೆ ಕಿವಿಗೆ ಬೀಳುವುದಿಲ್ಲ, ಗಾಡಿಗೆ ಕ್ಷೌರ ಮಾಡಲು ಹೊರಟಿದ್ದೀಯ ಅಂತ.

ಜನರೇಟರ್ ಹಾಕಿ ಗ್ರೈಂಡರ್ ಹಿಡಿದೆ. ಕಾಸು ಕೊಟ್ಟು ತಂದ ಗಾಡಿಯ ಮೈಗೆ ಗ್ರೈಂಡರ್ ಇಡುವುದು ಸುಲಭದ ಕೆಲಸವಲ್ಲ. ಕಿಡಿ ಹಾರಿ ತಗಡು ಬಿದ್ದ ಮೇಲೆ ಧೈರ್ಯ ತಾನಾಗಿ ಬಂತು. ಎಡಗಡೆಯ ಇಂಡಿಕೇಟರಿನ ವೈರೂ ಕಟ್ ಆಯಿತು. ಅದನ್ನು ಜೋಡಿಸಿದ್ದೇನೆ, ಉರಿಯುತ್ತದೆ, ಒಮ್ಮೊಮ್ಮೆ.

ಅಷ್ಟು ಮಾಡಿ ಒಂಟೆಯ ಸಮೇತ ಓಡಿಸಿದರೆ ಬಲಗಡೆಯ ಹಿಂದಿನ ಟೈರು ಕರಕರ ಅನ್ನುತ್ತಿದೆ. ಎಡಗಡೆ ನೋಡಿದರೆ ಬೇಕಾದ್ದಕ್ಕಿಂತ ಹೆಚ್ಚು ಕತ್ತರಿಸಿದ್ದೇನೆ. ಅಳತೆ ಎಲ್ಲಿ ತಪ್ಪಿತು ಅಂತ ತಲೆ ಕೆರೆದುಕೊಂಡು ನಿಂತಿದ್ದೆ. ಅಮ್ಮ ಎಡಗಡೆ ಗೂಟಕ್ಕೆ ಕಟ್ಟಿದ್ದ ಸಮ್ಹಾಳ ಮರಿಯನ್ನು ತೋರಿಸಿ ನಕ್ಕಳು.

"ಅಳತೆ ತೆಗೆದಿದ್ದು ನೀನಲ್ಲ ಕಣೋ, ಸಮ್ಹಾ. ಮರಿ ಯಾವ ಕಡೆ ಇದ್ರೆ ಆ ಕಡೆಗೇ ವಾಲಿ ಕೂರ್ತಾಳೆ. ಹೆತ್ತವಳು ಮತ್ತೆ ನೆಟ್ಟಗೆ ಕೂರ್ತಾಳಾ?"

ಮರಿಯನ್ನು ಬಲಗಡೆಗೆ ಕಟ್ಟಿದೆ. ಸಮ್ಹಾ ಗೊಣಗುತ್ತಾ ಆ ಕಡೆ ವಾಲಿದಳು. ಹೊಸ ಗುರುತು ಹಾಕಿ ಬಲಗಡೆಯನ್ನೂ ಅಷ್ಟೇ ತೆಗೆದೆ. ಇಲ್ಲಿನ ಹುಡುಗರೆಲ್ಲ ಈಗ ನನ್ನನ್ನು ಸಮ್ಹಾಳ ಮೇಸ್ತ್ರಿ ಅನ್ನುತ್ತಾರೆ. ಅನ್ನಲಿ. ಅವರಲ್ಲಿ ಇಬ್ಬರು ತಮ್ಮ ಗಾಡಿಗೂ ಹೀಗೆ ಮಾಡಿಕೊಡು ಅಂತ ಕೇಳಿ ಹೋಗಿದ್ದಾರೆ, ಒಂಟೆಯನ್ನೂ ನೀನೇ ಕೊಡಬೇಕು ಅಂತ ಬೇರೆ.

ಕತ್ತರಿಸಿದ ಅಂಚನ್ನು ಒಳಕ್ಕೆ ಮಡಚಿ ಸುತ್ತಿಗೆಯಲ್ಲಿ ಬಡಿದಿದ್ದೇನೆ. ಅರ ಹಾಕಿ ಉಜ್ಜಿ, ಎರಡು ಸಲ ಬಣ್ಣ ಹೊಡೆದೆ, ನಿಮ್ಮ ಕಡಲ ಗಾಳಿಗೆ ತುಕ್ಕು ಹಿಡಿಯಬಾರದಲ್ಲ. ನೀರಿನ ರಬ್ಬರ್ ಪೈಪನ್ನು ಉದ್ದಕ್ಕೆ ಸೀಳಿ ಅಂಚಿನ ಸುತ್ತ ಕೂರಿಸಿದೆ. ಬರಿಗೈಯಲ್ಲಿ ಸವರಿ ನೋಡು, ಗೀರುವುದಿಲ್ಲ. ನೋಡಲು ಚೆಂದವಿದೆ ಅಂತ ಸುಳ್ಳು ಹೇಳಲಾರೆ. ಹುಬ್ಬು ಬೋಳಿಸಿಕೊಂಡವನ ಮುಖದ ಹಾಗಿದೆ. ಟೈರು ಎರಚುವ ಮರಳು ಈಗ ಬಾಗಿಲಿಗೇ ಬಡಿಯುತ್ತದೆ, ಗಾಜು ಏರಿಸಿಯೇ ಕೂರಬೇಕು. ಅಷ್ಟು ಬಿಟ್ಟರೆ ಬೇರೆ ತೊಂದರೆ ಇಲ್ಲ.

ಹಿಂದೆ ನೀರಿನ ಡ್ರಮ್ಮು ತುಂಬಿ, ಟೈರಿನ ಗಾಳಿ ಇಳಿಸಿ, ನಾವು ಸಿಕ್ಕಿಬಿದ್ದ ಅದೇ ಗುಂಡಿಗೆ ಬೇಕೆಂದೇ ಇಳಿಸಿದೆ. ಗಾಡಿ ಕುಸಿಯಿತು, ಆದರೆ ಎದ್ದು ದಾಟಿತು. ಟೈರಿಗೆ ಒಂದು ಗೀರೂ ಇಲ್ಲ.

ಇಷ್ಟೆಲ್ಲ ಬರೆದದ್ದು ನಿನ್ನನ್ನು ಒಪ್ಪಿಸಲು ಅಂತ ನಿನಗೆ ಗೊತ್ತಾಗಿರುತ್ತದೆ. ಹೌದು, ಅದಕ್ಕೇ. ಗಾಡಿಯನ್ನು ನಿಮ್ಮ ಅಂಗಳಕ್ಕೇ ತರುತ್ತೇನೆ. ಮಾವ ಕೂತು ನೋಡಲಿ, ನೀನೇ ಓಡಿಸಿ ನೋಡು. ಆಮೇಲೂ ಟಾರೇ ಬೇಕು ಅಂದರೆ ಜಗಳ ಮಾಡುವುದಿಲ್ಲ, ಮನೆ ಕೀಳುತ್ತೇನೆ. ಆದರೆ ನೀನು ಹಾಗೆ ಹೇಳುವುದಿಲ್ಲ. ಕೆಲಸ ಅಷ್ಟು ಗಟ್ಟಿಯಾಗಿದೆ.

ಸುವೈಲಿಮ್ ಬಾಯಲ್ಲಿ ಒಂದು ಮಾತು ಹೇಳಿ ಕಳಿಸು. ಬಾ ಅಂದರೆ ಸಾಕು, ಬರುತ್ತೇನೆ.

ಮೈಥಾಳ ಅಂಗಾಲಿಗೆ ಒಂದು ಮುತ್ತು ಕೊಡು. ಅವಳಿಗೆ ಕಚಗುಳಿ ಆಗುತ್ತದಾ ಅಂತಲೂ ನನಗೆ ಇನ್ನೂ ಗೊತ್ತಿಲ್ಲ.

ನಿನ್ನ
ಮತಾರ್

ಮರೆತೆ: ಗುಂಡಿ ದಾಟಿದ ಮೇಲೆ ಗಾಡಿ ತಿರುಗಿಸಲಿಲ್ಲ. ಸಂಜೆಮುಂದಿನ ಅಸರ್ ನಮಾಜಿನ ಹೊತ್ತಿಗೆ ನಿಮ್ಮ ಮನೆಯ ಹಿಂದಿನ ದಿಬ್ಬದ ಬುಡಕ್ಕೆ ಬಂದಿದ್ದೆ. ಎಂಜಿನ್ ಆರಿಸಿ ನಡೆದು ಹತ್ತಿದೆ. ನೀನು ಹಗ್ಗದ ಮೇಲೆ ಪುಟ್ಟ ಪುಟ್ಟ ಬಟ್ಟೆ ಹರವುತ್ತಿದ್ದೆ. ನಿನ್ನ ಬೆನ್ನು ಈ ಕಡೆ, ನಿನ್ನ ಹೆಗಲ ಮೇಲಿದ್ದವಳ ಮುಖ ಈ ಕಡೆ. ಕೂಗಿದ್ದರೆ ಕೇಳಿಸುತ್ತಿತ್ತು. ನೀನಿನ್ನೂ ಬಾ ಅಂದಿರಲಿಲ್ಲವಲ್ಲ, ಅದಕ್ಕೆ ಕೂಗಲಿಲ್ಲ. ಹೋಗುವಾಗಲೂ ಬರುವಾಗಲೂ ಟೈರು ಎಲ್ಲೂ ತಾಗಲಿಲ್ಲ.